ವಲಸಿಗರ ರಕ್ಷಣಾ ಹಡಗಿಗೆ ಇಟಲಿಯಲ್ಲಿ 20 ದಿನಗಳ ತಡೆ: ಮೊದಲ ಇಮೇಲಿನಿಂದ ಬಿಡುಗಡೆ ಪತ್ರದವರೆಗೆ

ಇಟಲಿಯ ಬಂದರೊಂದರಲ್ಲಿ ನಮ್ಮ ಹಡಗಿಗೆ ಹಾಕಿದ್ದ 20 ದಿನಗಳ ಆಡಳಿತಾತ್ಮಕ ತಡೆ (ಬಂದರು ಬಿಟ್ಟು ಹೊರಡದಂತೆ ಅಧಿಕಾರಿಗಳ ಆದೇಶ) ಮುಗಿದು, ಹಗ್ಗ ಬಿಚ್ಚಿ ಹೊರಟಿದ್ದೇವೆ. ದಂಡದ ಮೇಲಿನ ತಕರಾರು ಇನ್ನೂ ವಕೀಲರ ಕೈಯಲ್ಲಿದೆ. ವಲಸಿಗರನ್ನು ಕಡಲಿನಲ್ಲಿ ರಕ್ಷಿಸುವ ಸೇವಾಸಂಸ್ಥೆಗಳ ಹಡಗಿಗೆ ಸೇರಬೇಕೆಂದಿರುವ ನಾವಿಕರು ಮಂಗಳೂರು, ಉಡುಪಿ, ಕಾರವಾರದ ಕಡೆಯಲ್ಲೂ ಇದ್ದಾರೆ. ಸೂಯೆಜ್‌ನಿಂದ ಜಿಬ್ರಾಲ್ಟರ್‌ವರೆಗೆ ಸರಕು ಹಡಗುಗಳಲ್ಲಿ ಓಡಾಡುವವರಂತೂ ಇನ್ನೂ ಹೆಚ್ಚು. ಇಬ್ಬರಿಗೂ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಪ್ರಕರಣ ಮುಗಿಯುವವರೆಗೆ ಹಡಗು, ಬಂದರು, ಅಧಿಕಾರಿಗಳ ಹೆಸರು ಹೇಳುವಂತಿಲ್ಲ. ಕಾಗದಪತ್ರದ ವಿವರ ಮಾತ್ರ ಪೂರ್ತಿ ಇದೆ.

ಮೊದಲು ಕಾನೂನು. 2013ರ ಅಕ್ಟೋಬರ್ 3ರಂದು ಲಾಂಪೆದೂಸಾ ದ್ವೀಪದ ಬಳಿ ವಲಸಿಗರ ದೋಣಿ ಮುಳುಗಿ 368 ಜನ ಸತ್ತ ಮೇಲೆ ಇಟಲಿ ಸರ್ಕಾರ ತನ್ನ ನೌಕಾಪಡೆಯನ್ನೇ ರಕ್ಷಣೆಗೆ ಕಳಿಸಿತ್ತು. ವರ್ಷದೊಳಗೆ ಅದು ನಿಂತಿತು. ಬಿಟ್ಟ ಜಾಗಕ್ಕೆ ಸೇವಾಸಂಸ್ಥೆಗಳ ಹಡಗುಗಳು ಬಂದವು, ಅವುಗಳ ಹಿಂದೆಯೇ ನಿಯಮಗಳೂ ಬಂದವು. 2017ರಲ್ಲಿ ನಡವಳಿಕೆ ಸಂಹಿತೆಗೆ ಸಹಿ ಹಾಕಿ ಎಂದರು. 2018ರ ಜೂನ್‌ನಲ್ಲಿ ‘ಅಕ್ವೇರಿಯಸ್’ ಹಡಗಿಗೆ ಬಂದರು ಕೊಡದೆ, 600ಕ್ಕೂ ಹೆಚ್ಚು ಜನ ಸ್ಪೇನಿನ ವಲೆನ್ಸಿಯಾದವರೆಗೆ ಹೋಗಬೇಕಾಯಿತು. 2019ರಲ್ಲಿ ದಂಡ 10 ಲಕ್ಷ ಯೂರೊವರೆಗೆ ಏರಿತು, 2020ರಲ್ಲಿ 10,000ದಿಂದ 50,000 ಯೂರೊಗೆ ಇಳಿಯಿತು. ಈಗ ಜಾರಿಯಲ್ಲಿರುವುದು 2023ರ ಜನವರಿ 2ರ ಸುಗ್ರೀವಾಜ್ಞೆ. ಅದೇ ಫೆಬ್ರವರಿ 24ರಂದು ಅದು 15ನೇ ಸಂಖ್ಯೆಯ ಕಾನೂನಾಯಿತು. ಒಳಾಡಳಿತ ಸಚಿವ ಮತ್ತೆಯೋ ಪಿಯಾಂತೆದೋಸಿ ಅವರ ಹೆಸರಿನಲ್ಲೇ ಎಲ್ಲರೂ ಅದನ್ನು ಕರೆಯುತ್ತಾರೆ.

ಆ ಕಾನೂನು ಹಡಗಿನಿಂದ ಕೇಳುವುದು ಇಷ್ಟು. ಧ್ವಜ ರಾಷ್ಟ್ರ (ಹಡಗು ನೋಂದಣಿಯಾದ ದೇಶ) ಕೊಟ್ಟ ಪ್ರಮಾಣಪತ್ರಗಳು ಸರಿಯಿರಬೇಕು. ಹತ್ತಿಸಿಕೊಂಡವರಿಗೆ ಅಂತರರಾಷ್ಟ್ರೀಯ ರಕ್ಷಣೆ (ಆಶ್ರಯ) ಕೇಳುವ ಹಕ್ಕಿದೆ ಎಂದು ತಿಳಿಸಿ, ಬೇಕೆನ್ನುವವರ ಮಾಹಿತಿ ಸಂಗ್ರಹಿಸಬೇಕು. ರಕ್ಷಣೆಯ ಕೆಲಸ ಮುಗಿದ ಕೂಡಲೇ ಜನರನ್ನು ಇಳಿಸಲು ಬಂದರು ಕೇಳಬೇಕು. ಕೊಟ್ಟ ಬಂದರಿಗೆ ತಡಮಾಡದೆ ಹೋಗಬೇಕು. ಅಧಿಕಾರಿಗಳು ಕೇಳಿದ ಮಾಹಿತಿಯನ್ನೆಲ್ಲ ಕೊಡಬೇಕು. ಹಡಗಿನ ನಡೆಯಿಂದ ಯಾರಿಗೂ ಅಪಾಯವಾಗಬಾರದು. ಓದುವಾಗ ಒಂದೊಂದೂ ಸರಳ. ತೊಂದರೆ ಕೊಡುವುದು ‘ಕೂಡಲೇ’ ಮತ್ತು ‘ತಡಮಾಡದೆ’. ಒಂದು ದೋಣಿಯ ಜನರನ್ನು ಹತ್ತಿಸಿಕೊಂಡು ಬಂದರಿನ ದಾರಿ ಹಿಡಿದ ಹಡಗಿಗೆ, ಎರಡು ಗಂಟೆ ದೂರದಲ್ಲಿ ಇನ್ನೊಂದು ದೋಣಿ ಮುಳುಗುತ್ತಿದೆ ಎಂಬ ಸುದ್ದಿ ಬಂದರೆ ಏನು ಮಾಡಬೇಕು? ನಮ್ಮ ಮೇಲೆ ಬಂದ ಆರೋಪವೂ ಈ ಜಾಗದ್ದೇ.

ಶಿಕ್ಷೆಯಲ್ಲಿ ಎರಡು ಮಟ್ಟ. ಸಚಿವಾಲಯ ಹೊರಡಿಸಿದ ನಿಷೇಧವನ್ನೇ ಮೀರಿದರೆ 10,000ದಿಂದ 50,000 ಯೂರೊ ದಂಡ, ಎರಡು ತಿಂಗಳ ತಡೆ. ಮಾಹಿತಿ ಕೊಡದಿದ್ದರೆ ಅಥವಾ ಸೂಚನೆ ಪಾಲಿಸದಿದ್ದರೆ 2,000ದಿಂದ 10,000 ಯೂರೊ, 20 ದಿನಗಳ ತಡೆ. ಸಾಮಾನ್ಯವಾಗಿ ಬೀಳುವುದು ಈ ಎರಡನೆಯದು. ಅದೇ ಹಡಗು ಮತ್ತೆ ಸಿಕ್ಕಿಬಿದ್ದರೆ ಎರಡು ತಿಂಗಳು, ಅದರ ಮೇಲೂ ಆದರೆ ಹಡಗಿನ ಜಪ್ತಿ. ದಂಡ ಕ್ಯಾಪ್ಟನ್ ಹೆಸರಿನಲ್ಲಿ ಬರುತ್ತದೆ. ಹಡಗಿನ ಮಾಲೀಕ ಸಂಸ್ಥೆಯೂ ಜಂಟಿಯಾಗಿ ಹೊಣೆ.

ಹೊರಡುವ ಮುಂಚಿನ ಕಾಗದ

ಯಾವ ಬಂದರಿನಲ್ಲಿ ನಿಂತರೂ ಮೊದಲು ತೆರೆಸುವುದು ಪ್ರಮಾಣಪತ್ರಗಳ ಕಡತ. ನೋಂದಣಿ, ಟನ್ನೇಜ್, ಲೋಡ್‌ಲೈನ್, ಸುರಕ್ಷಾ ಉಪಕರಣ, ರೇಡಿಯೊ, ಕನಿಷ್ಠ ಸಿಬ್ಬಂದಿ ಪತ್ರ, ತೈಲ ಮತ್ತು ಕೊಳಚೆ ಮಾಲಿನ್ಯದ ಮಾರ್ಪೋಲ್ ಪತ್ರಗಳು, ವಿಮೆ. ಮೂಲಪ್ರತಿ ಒಂದು ಕಡತ, ನಕಲು ಮೂರು ಸೆಟ್ ಇರಲಿ. ಜೊತೆಗೆ ಎಲ್ಲದರ ಮುಕ್ತಾಯ ದಿನಾಂಕಗಳ ಒಂದು ಪುಟದ ಪಟ್ಟಿ ಮಾಡಿ. ಲೈಫ್‌ರಾಫ್ಟ್ ಸರ್ವಿಸ್ ವರ್ಷಕ್ಕೊಮ್ಮೆ, ಅದನ್ನು ಬಿಡಿಸುವ ಹೈಡ್ರೋಸ್ಟ್ಯಾಟಿಕ್ ಯೂನಿಟ್ ಎರಡು ವರ್ಷಕ್ಕೊಮ್ಮೆ, ಇಪಿರ್ಬ್ (ಅಪಾಯದಲ್ಲಿ ಹಡಗಿನ ಸ್ಥಾನದ ಸಂಕೇತ ಕಳಿಸುವ ಸಾಧನ) ಪರೀಕ್ಷೆ ವರ್ಷಕ್ಕೊಮ್ಮೆ. ಈ ಸಣ್ಣ ಸ್ಟಿಕ್ಕರುಗಳ ದಿನಾಂಕವೇ ಪರಿಶೀಲನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು.

ಭಾರತದ ಅರ್ಹತಾ ಪ್ರಮಾಣಪತ್ರ ಇರುವ ಅಧಿಕಾರಿಗಳು ಧ್ವಜ ರಾಷ್ಟ್ರದ ಮಾನ್ಯತೆಯ ಎಂಡೋರ್ಸ್‌ಮೆಂಟ್ ಪಡೆಯಬೇಕು. ಅದು ಕೈಗೆ ಬರುವವರೆಗೆ, ಅರ್ಜಿ ಸಲ್ಲಿಸಿದ ಪುರಾವೆಯ ಮೇಲೆ ಹೆಚ್ಚೆಂದರೆ ಮೂರು ತಿಂಗಳು ಕೆಲಸ ಮಾಡಲು, ನಾವಿಕರ ತರಬೇತಿ-ಅರ್ಹತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಎಸ್‌ಟಿಸಿಡಬ್ಲ್ಯುನಲ್ಲಿ ಅವಕಾಶ ಇದೆ. ಆ ಪುರಾವೆಯ ಮುದ್ರಿತ ಪ್ರತಿ ಹಡಗಿನ ಮೇಲೇ ಇರಬೇಕು, ಕಂಪನಿಯ ಕಚೇರಿಯಲ್ಲಿದ್ದರೆ ಸಾಲದು.

ಷೆಂಗೆನ್ ವೀಸಾದ (ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ) ಲೆಕ್ಕವನ್ನು ಯಾರೂ ಮುಂಚೆ ಹೇಳಿಕೊಡುವುದಿಲ್ಲ. ಬಂದರಿನಲ್ಲಿ ಹಡಗು ಹತ್ತಿದ ದಿನವೇ ಪಾಸ್‌ಪೋರ್ಟಿಗೆ ನಿರ್ಗಮನದ ಮುದ್ರೆ ಬೀಳುತ್ತದೆ, ಅಲ್ಲಿಗೆ 90 ದಿನಗಳ ಎಣಿಕೆ ನಿಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಡಗು ಬಂದರಿನಲ್ಲಿ ದೀರ್ಘಕಾಲ ನಿಂತಿದ್ದರೆ, ಅದು ಹೊರಡುವುದು ಸಮೀಪಿಸಿದೆ ಎಂದು ಕ್ಯಾಪ್ಟನ್ ತಿಳಿಸಿದಾಗ ಮಾತ್ರ ಆ ಮುದ್ರೆ ಹಾಕಬೇಕು ಎಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ 2020ರ ಫೆಬ್ರವರಿ 5ರಂದು ಹೇಳಿದೆ. ಅಂದರೆ ತಡೆಯಲ್ಲಿರುವ ಹಡಗಿಗೆ ಹೊಸದಾಗಿ ಸೇರುವ ಭಾರತೀಯ ನಾವಿಕನ ವೀಸಾ ದಿನಗಳು ದಕ್ಕೆಯಲ್ಲಿ ಕಟ್ಟಿದ ಹಡಗಿನಲ್ಲೇ ಕರಗುತ್ತವೆ. ಸಿಬ್ಬಂದಿ ಬದಲಾವಣೆಯ ದಿನವನ್ನು ತಡೆ ಮುಗಿಯುವ ದಿನಕ್ಕೆ ಹತ್ತಿರ ಇಡುವುದು ಇದಕ್ಕಾಗಿ.

ಕರೆ ಬಂದಾಗ

ಅಪಾಯದ ಸುದ್ದಿ ಮೂರು ದಾರಿಯಲ್ಲಿ ಬರುತ್ತದೆ. ಒಂದು ಅಧಿಕೃತ ನಾವ್‌ಟೆಕ್ಸ್ (ರೇಡಿಯೊ) ಅಥವಾ ಇನ್‌ಮಾರ್‌ಸ್ಯಾಟ್ (ಉಪಗ್ರಹ) ಸಂದೇಶ, ಇನ್ನೊಂದು ಮೇಲಿನಿಂದ ನೋಡುವ ಸೇವಾಸಂಸ್ಥೆಗಳ ವಿಮಾನ, ಮತ್ತೊಂದು ‘ಅಲಾರ್ಮ್ ಫೋನ್’. ಇದು 2014ರ ಅಕ್ಟೋಬರ್‌ನಿಂದ ಸ್ವಯಂಸೇವಕರು ನಡೆಸುತ್ತಿರುವ ದೂರವಾಣಿ ಸೇವೆ. ದೋಣಿಯಲ್ಲಿರುವವರು ಸ್ಯಾಟಲೈಟ್ ಫೋನಿನಿಂದ ಕರೆ ಮಾಡಿ ಸ್ಥಾನ ಹೇಳುತ್ತಾರೆ, ಸೇವೆಯವರು ಅದನ್ನು ಆಯಾ ದೇಶಗಳ ರಕ್ಷಣಾ ಸಮನ್ವಯ ಕೇಂದ್ರಗಳಿಗೂ ಹತ್ತಿರದ ಹಡಗುಗಳಿಗೂ ಒಟ್ಟಿಗೇ ಇಮೇಲ್ ಮಾಡುತ್ತಾರೆ.

ಆ ಇಮೇಲಿಗೆ ಹಡಗು ಕೊಡುವ ಉತ್ತರದಿಂದಲೇ ನಿಮ್ಮ ಮುಂದಿನ ಪ್ರಕರಣದ ಕಡತ ಶುರುವಾಗುತ್ತದೆ. ಆ ಕಡಲಿನ ಹುಡುಕಾಟ-ರಕ್ಷಣಾ ವಲಯ ಯಾರದೋ ಆ ಕೇಂದ್ರಕ್ಕೆ ಮೊದಲು, ಜೊತೆಗೆ ಅಕ್ಕಪಕ್ಕದ ಕೇಂದ್ರಗಳಿಗೆ, ನಿಮ್ಮ ಧ್ವಜ ರಾಷ್ಟ್ರದ ಕೇಂದ್ರಕ್ಕೂ ಪ್ರತಿ ಹೋಗಬೇಕು. ಲಿಬಿಯಾದ ವಲಯ ದಾಖಲಾದದ್ದು 2018ರಲ್ಲಿ. ಅದರ ಉತ್ತರಕ್ಕೆ ಮಾಲ್ಟಾ ಮತ್ತು ಇಟಲಿಯ ವಲಯಗಳು. ಇಮೇಲಿನಲ್ಲಿ ಇರಬೇಕಾದ್ದು: ನಿಮ್ಮ ಸ್ಥಾನ, ವೇಗ, ದೋಣಿಯ ಸ್ಥಾನ ಮತ್ತು ಅದು ಯಾವ ಹೊತ್ತಿನದು, ನೀವು ತಲುಪುವ ಹೊತ್ತು, ‘ನಾವು ಆ ಕಡೆ ಹೊರಟಿದ್ದೇವೆ, ಸೂಚನೆ ಇದ್ದರೆ ತಿಳಿಸಿ’ ಎಂಬ ಒಂದು ಸಾಲು. ಆಮೇಲೆ ಫೋನ್. ಎತ್ತದಿದ್ದರೂ ಪ್ರತಿ ಕರೆಯ ಹೊತ್ತನ್ನು ಲಾಗ್‌ಬುಕ್ಕಿನಲ್ಲಿ ಬರೆಯಿರಿ. ಉತ್ತರ ಬರದ ಕರೆಯೂ ದಾಖಲೆಯೇ.

ಎಲ್ಲ ಹೊತ್ತನ್ನೂ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಸಮಯ) ಬರೆಯಿರಿ. ಇಟಲಿ ಚಳಿಗಾಲದಲ್ಲಿ ಒಂದು ಗಂಟೆ, ಬೇಸಿಗೆಯಲ್ಲಿ ಎರಡು ಗಂಟೆ ಮುಂದೆ. ಲಿಬಿಯಾ ವರ್ಷವಿಡೀ ಎರಡು ಗಂಟೆ ಮುಂದೆ. ನಮಗೆ ಬಂದ ಆರೋಪಪತ್ರದಲ್ಲಿ ಕೆಲವು ಸಮಯ ಸ್ಥಳೀಯ, ಕೆಲವು ಯುಟಿಸಿ, ಯಾವುದು ಯಾವುದೆಂದು ನಮೂದು ಇರಲಿಲ್ಲ. ‘ಸೂಚನೆ ಬಂದ ಮೇಲೆ ದಿಕ್ಕು ಬದಲಿಸಿದರು’ ಎಂಬ ಒಂದು ವಾಕ್ಯ ನಿಂತಿದ್ದದ್ದು ಈ ಗೊಂದಲದ ಮೇಲೆಯೇ. ಲಾಗ್‌ಬುಕ್, ಇಮೇಲಿನ ಹೆಡರ್, ಇಸಿಡಿಐಎಸ್ ಎಂಬ ಎಲೆಕ್ಟ್ರಾನಿಕ್ ನಕ್ಷೆಯ ದಾರಿಯ ಗೆರೆ ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇಟ್ಟು ವಕೀಲರಿಗೆ ಕೊಟ್ಟೆವು. ತಕರಾರು ಅರ್ಜಿಯ ಬೆನ್ನೆಲುಬು ಆ ಹಾಳೆ.

ರಕ್ಷಣೆಯ ಕೆಲಸವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದಕ್ಕೆ ತರಬೇತಿ ಬೇರೆ ಇದೆ. ದಾಖಲೆಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ರಬ್ಬರ್ ದೋಣಿಯೇ, ಮರದ್ದೇ, ಟ್ಯುನೀಷಿಯಾದ ಕಡೆಯಿಂದ ಬರುವ ಬೆಸುಗೆ ಹಾಕಿದ ಕಬ್ಬಿಣದ ದೋಣಿಯೇ, ಮೊದಲು ನೋಡಿದಾಗ ನೀರು ಎಷ್ಟಿತ್ತು, ಇಂಜಿನ್ ನಡೆಯುತ್ತಿತ್ತೇ, ಲೈಫ್ ಜಾಕೆಟ್ ಎಷ್ಟು ಜನಕ್ಕಿತ್ತು ಎಂಬುದರ ಫೋಟೊ ಮತ್ತು ವಿಡಿಯೊ ಬೇಕು. ಅಪಾಯ ಇತ್ತೇ ಎಂಬ ಪ್ರಶ್ನೆ ಆಮೇಲೆ ಖಂಡಿತ ಬರುತ್ತದೆ. ಕಬ್ಬಿಣದ ದೋಣಿ ಒಂದು ಅಲೆಗೆ ವಾಲಿದರೆ ಕಲ್ಲಿನ ಹಾಗೆ ತಳಕ್ಕೆ ಹೋಗುತ್ತದೆ. ದೂರದಿಂದ ತೆಗೆದ ಫೋಟೊದಲ್ಲಿ ಮಾತ್ರ ಅದು ‘ಚಲಿಸುತ್ತಿರುವ ದೋಣಿ’. ಹೊತ್ತು ಮತ್ತು ಸ್ಥಾನ ಫೋಟೊದ ಒಳಗೇ ದಾಖಲಾಗುವ ಕ್ಯಾಮೆರಾ ಬಳಸಿ.

ಜನರನ್ನು ಹತ್ತಿಸಿಕೊಂಡ ಮೇಲೆ ಎಣಿಕೆ: ಗಂಡಸರು, ಹೆಂಗಸರು, ಒಂಟಿ ಮಕ್ಕಳು, ಗರ್ಭಿಣಿಯರು, ತುರ್ತು ವೈದ್ಯಕೀಯ ಪ್ರಕರಣಗಳು. ಪೆಟ್ರೋಲ್ ಉಪ್ಪುನೀರಿಗೆ ಬೆರೆತು ದೋಣಿಯ ತಳದಲ್ಲಿ ನಿಂತಿರುತ್ತದೆ. ನಡುವೆ ಕೂತವರ, ಹೆಚ್ಚಾಗಿ ಹೆಂಗಸರ, ತೊಡೆ ಮತ್ತು ಸೊಂಟದ ಚರ್ಮ ಸುಟ್ಟಿರುತ್ತದೆ. ಮೊದಲು ಬಟ್ಟೆ ಬದಲಿಸಿ ಸಿಹಿನೀರಿನ ಸ್ನಾನ, ಆಮೇಲೆ ಹೆಸರು ವಿವರ. ಕಾಗದಕ್ಕಾಗಿ ಇದನ್ನು ತಡಮಾಡಬೇಡಿ. ಇಂಥ ಗಾಯಗಳ ಸಂಖ್ಯೆಯನ್ನು ವೈದ್ಯರ ಟಿಪ್ಪಣಿಯ ಸಮೇತ ಬಂದರು ಕೇಳುವ ಪತ್ರದಲ್ಲಿ ಸೇರಿಸಿ. ಹತ್ತಿರದ ಬಂದರಿಗೆ ವಾದ ಹೂಡಲು ಅದೇ ಬಲವಾದ ಕಾರಣ.

ದೂರದ ಬಂದರು

ಬಂದರು ಬೇಗ ಸಿಗುತ್ತದೆ. ಹಿಂದೆ ವಾರಗಟ್ಟಲೆ ಕಾಯಿಸುತ್ತಿದ್ದರು, ಈಗ ಗಂಟೆಗಳಲ್ಲಿ ಉತ್ತರ ಬರುತ್ತದೆ. ಆದರೆ ಬಂದರು ಎಲ್ಲಿದೆ ನೋಡಿ: ರವೆನ್ನಾ, ಅಂಕೋನಾ, ಲಿವೋರ್ನೊ, ಜಿನೋವಾ. ಲಿಬಿಯಾ ಎದುರಿನ ಕಡಲಿನಿಂದ ಸಿಸಿಲಿಯ ದಕ್ಷಿಣ ತೀರಕ್ಕೆ ಒಂದು ದಿನದ ದಾರಿ. ರವೆನ್ನಾಕ್ಕೆ ಸುಮಾರು 1,600 ಕಿ.ಮೀ.; 10 ನಾಟ್ ವೇಗದಲ್ಲಿ ಮೂರೂವರೆಯಿಂದ ನಾಲ್ಕು ದಿನ, ವಾಪಸ್ ಅಷ್ಟೇ. ದಿನಕ್ಕೆ 5 ಟನ್ ಡೀಸೆಲ್ ಸುಡುವ ಹಡಗಾದರೆ, ಹೋಗಿಬರುವುದಕ್ಕೆ ಹೆಚ್ಚುವರಿ 25ರಿಂದ 30 ಟನ್. ಆ ಹಣ ದಾನಿಗಳದು. ಅದಕ್ಕಿಂತ ದೊಡ್ಡ ನಷ್ಟ, ಆ ವಾರ ರಕ್ಷಣಾ ವಲಯದಲ್ಲಿ ಆ ಹಡಗು ಇಲ್ಲದೆ ಹೋಗುವುದು. 2014ರಿಂದೀಚೆಗೆ ಮಧ್ಯ ಮೆಡಿಟರೇನಿಯನ್‌ನಲ್ಲಿ ಸತ್ತವರು, ಕಾಣೆಯಾದವರು 20,000ಕ್ಕೂ ಹೆಚ್ಚು ಎಂಬುದು ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ಎಣಿಕೆ. ಗಡಿಯಿಲ್ಲದ ವೈದ್ಯರ ಸಂಸ್ಥೆ ತನ್ನ ‘ಜಿಯೋ ಬ್ಯಾರೆಂಟ್ಸ್’ ಹಡಗಿನ ಕಾರ್ಯಾಚರಣೆಯನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದಾಗ ಹೇಳಿದ್ದು ಇದನ್ನೇ: ಎರಡು ವರ್ಷದಲ್ಲಿ ನಾಲ್ಕು ಶಿಕ್ಷೆ, 160 ದಿನ ಬಂದರಿನಲ್ಲಿ ತಡೆ.

ದೂರದ ಬಂದರು ಸಿಕ್ಕಾಗ ಸುಮ್ಮನೆ ಹೊರಡಬೇಡಿ, ಹೋಗುವುದಿಲ್ಲ ಎಂದೂ ಬರೆಯಬೇಡಿ. ಆ ದಿಕ್ಕಿಗೆ ಹೊರಟು, ದಾರಿಯಲ್ಲಿ ಬರೆಯಿರಿ. ‘ಸಮುದ್ರ ಕೆಟ್ಟಿದೆ’ ಎಂದರೆ ಯಾರೂ ಕೇಳುವುದಿಲ್ಲ. ಮುಂದಿನ 48 ಗಂಟೆಗಳ ಮುನ್ಸೂಚನೆ, ಗಾಳಿಯ ಬಲದ ಬೋಫರ್ಟ್ ಅಂಕಿ, ಅಲೆಯ ಎತ್ತರ ಮೀಟರಿನಲ್ಲಿ, ಡೆಕ್ಕಿನ ಮೇಲೆ ಬಯಲಲ್ಲಿ ಮಲಗುವವರ ಸಂಖ್ಯೆ, ಉಳಿದ ಊಟದ ದಿನಗಳು, ಕುಡಿಯುವ ನೀರಿನ ಲೀಟರು, ವೈದ್ಯರ ಸಹಿ ಇರುವ ಟಿಪ್ಪಣಿ. ಇಷ್ಟನ್ನು ಆರಾರು ಗಂಟೆಗೊಮ್ಮೆ ಹೊಸದಾಗಿ ಕಳಿಸಿ. ಬಂದರು ಬದಲಾಗದಿದ್ದರೂ, ಹಡಗು ಕೇಳಿತ್ತು ಎಂಬುದಕ್ಕೆ ಆಮೇಲೆ ಬೆಲೆ ಇದೆ.

ಕೊಳಚೆಯ ಲೆಕ್ಕವೂ ಈ ದಾರಿಯಲ್ಲೇ ಶುರು. 20 ಸಿಬ್ಬಂದಿಗೆಂದು ಮಾಡಿದ ಟ್ಯಾಂಕಿಗೆ 200 ಜನರ ಕೊಳಚೆ. ಮಾರ್ಪೋಲ್ ನಿಯಮದಂತೆ ಸಂಸ್ಕರಿಸದ ಕೊಳಚೆಯನ್ನು ದಡದಿಂದ 12 ನಾಟಿಕಲ್ ಮೈಲಿ ಆಚೆ, ಕನಿಷ್ಠ 4 ನಾಟ್ ವೇಗದಲ್ಲಿ ಸಾಗುವಾಗ, ನಿಧಾನವಾಗಿ ಮಾತ್ರ ಬಿಡಬಹುದು. ಬಿಟ್ಟ ಹೊತ್ತು, ಸ್ಥಾನ, ವೇಗ ಬರೆದಿಡಿ. ಬಂದರಿನ ಪರಿಶೀಲಕರು ಈ ಪುಟವನ್ನು ಕೇಳಿಯೇ ಕೇಳುತ್ತಾರೆ.

ನಮ್ಮ ಎರಡನೇ ಕರೆ ಬಂದದ್ದು ಉತ್ತರದ ದಾರಿ ಹಿಡಿದ ಮೇಲೆ. ದೋಣಿ ನೀರು ತುಂಬಿಕೊಳ್ಳುತ್ತಿದೆ, ಹತ್ತಿರ ಬೇರೆ ಹಡಗಿಲ್ಲ. ಸಮನ್ವಯ ಕೇಂದ್ರಕ್ಕೆ ಬರೆದು ಕೇಳಿದೆವು. ನಿಗದಿಯಾದ ಬಂದರಿಗೆ ಮುಂದುವರಿಯಿರಿ ಎಂದು ಉತ್ತರ ಬಂತು. ಆ ದೋಣಿಗೆ ಯಾರನ್ನು ಕಳಿಸುತ್ತೀರಿ ಎಂಬ ಪ್ರಶ್ನೆಗೆ ಬರಲಿಲ್ಲ. ಕ್ಯಾಪ್ಟನ್ ದಿಕ್ಕು ಬದಲಿಸಿದರು. ಅದಕ್ಕೆ ಮುಂಚೆ ಕಳಿಸಿದ ಇಮೇಲಿನಲ್ಲಿ ಕಡಲ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ಐದನೇ ಅಧ್ಯಾಯದ 33ನೇ ನಿಯಮವನ್ನು (ಅಪಾಯದಲ್ಲಿರುವವರಿಗೆ ನೆರವಾಗುವ ಕ್ಯಾಪ್ಟನ್‌ನ ಹೊಣೆ) ಹೆಸರಿಸಿ, ಬೇರೆ ಹಡಗು ನಿಯೋಜನೆಯಾಗಿದ್ದರೆ ತಿಳಿಸಿ, ಕೂಡಲೇ ವಾಪಸ್ ತಿರುಗುತ್ತೇವೆ ಎಂದು ಬರೆದಿದ್ದರು. ಆ ಕೊನೆಯ ಸಾಲು ಬಹಳ ಮುಖ್ಯ. ‘ಸೂಚನೆ ಧಿಕ್ಕರಿಸಿದರು’ ಎಂಬ ಆರೋಪಕ್ಕೆ ಉತ್ತರ ಅದರಲ್ಲೇ ಇದೆ. ಆ ದೋಣಿಯ ಎಲ್ಲರೂ ಜೀವಂತ ಸಿಕ್ಕರು.

ಸರಕು ಹಡಗಿನವರೂ ಒಂದು ತೀರ್ಪು ನೆನಪಿಡಿ. 2018ರಲ್ಲಿ ‘ಆಸ್ಸೊ 28’ ಎಂಬ ಇಟಲಿಯ ಸರಬರಾಜು ಹಡಗು ಕಡಲಿನಲ್ಲಿ ಎತ್ತಿಕೊಂಡವರನ್ನು ಟ್ರಿಪೋಲಿಗೆ ವಾಪಸ್ ಒಪ್ಪಿಸಿತ್ತು. ಅದರ ಕ್ಯಾಪ್ಟನ್‌ಗೆ ಆದ ಶಿಕ್ಷೆಯನ್ನು ಇಟಲಿಯ ಸರ್ವೋನ್ನತ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಲಿಬಿಯಾ ಸುರಕ್ಷಿತ ಸ್ಥಳವಲ್ಲ ಎಂಬುದೇ ಕಾರಣ. ಯಾರೋ ಹೇಳಿದರು, ಹಾಗೆ ಮಾಡಿದೆ ಎಂಬ ಮಾತು ಕ್ಯಾಪ್ಟನ್‌ನನ್ನು ಕಾಪಾಡುವುದಿಲ್ಲ.

ದಕ್ಕೆಗೆ ಬಂದ ಮೇಲೆ

ಮೊದಲು ಹತ್ತುವವರು ಬಂದರಿನ ಆರೋಗ್ಯ ಇಲಾಖೆಯವರು. ಅವರ ಅನುಮತಿ ಇಲ್ಲದೆ ಯಾರೂ ಇಳಿಯುವಂತಿಲ್ಲ. ವೈದ್ಯರ ಪಟ್ಟಿಯಲ್ಲಿ ಕಜ್ಜಿ, ಸುಟ್ಟಗಾಯ, ಗರ್ಭಿಣಿಯರು, ಹಿಂಸೆಗೊಳಗಾದವರು ಬೇರೆಬೇರೆಯಾಗಿದ್ದರೆ ಕೆಲಸ ಬೇಗ. ಒಂಟಿ ಮಕ್ಕಳ ಪಟ್ಟಿಯನ್ನು ಕೈಗೇ ಕೊಟ್ಟು ಸ್ವೀಕೃತಿ ಪಡೆಯಿರಿ. ರಕ್ಷಣೆ ಕೇಳುವ ಹಕ್ಕಿನ ಬಗ್ಗೆ ಹಂಚಿದ ಕರಪತ್ರದ ಒಂದೊಂದು ಪ್ರತಿ, ಹಂಚಿದ ಹೊತ್ತು, ಯಾವ ಭಾಷೆಯಲ್ಲಿ ಎಂಬ ಟಿಪ್ಪಣಿ ಕಡತದಲ್ಲಿರಲಿ. ಹಡಗಿನ ಡೆಕ್ ಆಶ್ರಯದ ಅರ್ಜಿ ತುಂಬಿಸಿಕೊಳ್ಳುವ ಕಚೇರಿಯಲ್ಲ, ಕ್ಯಾಪ್ಟನ್ ಆ ಅಧಿಕಾರಿಯೂ ಅಲ್ಲ. ಮಾಹಿತಿ ಕೊಟ್ಟದ್ದಕ್ಕೆ ಪುರಾವೆ ಇದ್ದರೆ ಸಾಕು ಎಂಬುದು ನಮ್ಮ ವಕೀಲರ ನಿಲುವು.

ಕೊನೆಯ ವ್ಯಕ್ತಿ ಇಳಿದ ಮೇಲೆ ಸಿಬ್ಬಂದಿ ಎರಡು ಗಂಟೆ ನಿದ್ದೆ ಮಾಡೋಣ ಎಂದುಕೊಳ್ಳುತ್ತಾರೆ. ಪೊಲೀಸರು ಬರುವುದು ಆ ಹೊತ್ತಿಗೇ. ಕ್ಯಾಪ್ಟನ್, ರಕ್ಷಣಾ ಸಂಯೋಜಕ, ಬ್ರಿಜ್‌ನಲ್ಲಿದ್ದ (ಹಡಗು ನಡೆಸುವ ಕೋಣೆ) ಅಧಿಕಾರಿಯ ಹೇಳಿಕೆ ಕೇಳುತ್ತಾರೆ. ಸಾಕ್ಷಿಯಾಗಿ ಕೇಳುತ್ತಿದ್ದಾರೋ ಆರೋಪಿಯಾಗಿಯೋ ಎಂದು ಮೊದಲೇ ಕೇಳಿ, ಉತ್ತರವನ್ನು ಬರೆದುಕೊಳ್ಳಿ. ವಕೀಲರ ಫೋನ್ ನಂಬರ್ ಕಿಸೆಯಲ್ಲಿರಲಿ. ವಕಾಲತ್ತು ಪತ್ರಕ್ಕೆ ಹೊರಡುವ ಮುಂಚೆಯೇ ಸಹಿ ಹಾಕಿಟ್ಟಿದ್ದರೆ ಅರ್ಧ ದಿನ ಉಳಿಯುತ್ತದೆ. ಅರ್ಥವಾಗದ ಭಾಷೆಯ ಹೇಳಿಕೆಗೆ ಸಹಿ ಹಾಕಬೇಡಿ, ದುಭಾಷಿ ಕೇಳಿ. ದಣಿದಿದ್ದರೆ ದಣಿದಿದ್ದೇನೆ, ವಿಶ್ರಾಂತಿಯ ನಂತರ ಹೇಳುತ್ತೇನೆ ಎಂದು ಹೇಳಿ. ಎಷ್ಟು ಗಂಟೆಯಿಂದ ಎಚ್ಚರವಿದ್ದೀರಿ ಎಂಬುದಕ್ಕೆ ಕೆಲಸ-ವಿಶ್ರಾಂತಿಯ ದಾಖಲೆ ಹಡಗಿನಲ್ಲೇ ಇರುತ್ತದೆ.

ವಾಯೇಜ್ ಡೇಟಾ ರೆಕಾರ್ಡರ್ (ವಿಮಾನದ ಕಪ್ಪು ಪೆಟ್ಟಿಗೆಯಂಥದು) ಕೇಳಿದರೆ ಗಾಬರಿ ಬೇಡ. ಸರಕು ಹಡಗಿನ ಲೆಕ್ಕದಲ್ಲಿ 3,000 ಗ್ರಾಸ್ ಟನ್ ಮೀರಿದ್ದಕ್ಕೆ ಮಾತ್ರ ಅದು ಕಡ್ಡಾಯ. ಇದ್ದರೆ, ರಕ್ಷಣೆ ಮುಗಿದ ಕೂಡಲೇ ಸೇವ್ ಗುಂಡಿ ಒತ್ತಿ. ಹಳೆಯ ಮಾದರಿಗಳು 12 ಗಂಟೆಯ ನಂತರ ಹಿಂದಿನದರ ಮೇಲೇ ಬರೆಯುತ್ತವೆ. ದೂರದ ಬಂದರು ತಲುಪುವಷ್ಟರಲ್ಲಿ ನಿಮ್ಮ ಪರವಾದ ಧ್ವನಿಯೆಲ್ಲ ಅಳಿಸಿಹೋಗಿರುತ್ತದೆ. 2023ರಲ್ಲಿ ‘ಜಿಯೋ ಬ್ಯಾರೆಂಟ್ಸ್’ಗೆ ಬಿದ್ದ 10,000 ಯೂರೊ ದಂಡದ ಹಿಂದೆ ಈ ರೆಕಾರ್ಡರ್ ಮಾಹಿತಿಯ ವಿವಾದವೇ ಇತ್ತು.

ಆರೋಪಪತ್ರವನ್ನು ಕ್ಯಾಪ್ಟನ್ ಕೈಗೆ ಕೊಡುತ್ತಾರೆ. ಸಹಿ ಹಾಕುವುದೆಂದರೆ ಒಪ್ಪಿಕೊಂಡಂತಲ್ಲ, ಪಡೆದೆ ಎಂದಷ್ಟೇ. ಆದರೂ ಸಹಿಯ ಮೇಲೆ ಷರಾ ಬರೆಯಿರಿ: ಆರೋಪ ಒಪ್ಪುವುದಿಲ್ಲ, ಭಾಷಾಂತರ ಕೊಟ್ಟಿಲ್ಲ, ಹೀಗೆ ನಿಮಗೆ ಅನ್ವಯಿಸುವುದನ್ನು. ಕೊಟ್ಟ ದಿನಾಂಕ ಮತ್ತು ಗಂಟೆ ಸರಿಯಾಗಿದೆಯೇ ನೋಡಿ. ಎಲ್ಲ ಗಡುವುಗಳೂ ಅಲ್ಲಿಂದ ಎಣಿಕೆ. ಇನ್ನೊಂದು ಸಾಲನ್ನು ಹಲವರು ಗಮನಿಸುವುದಿಲ್ಲ: ಹಡಗಿನ ಕಾವಲುಗಾರನಾಗಿ ಮಾಲೀಕ ಸಂಸ್ಥೆಯನ್ನು, ಅವರು ಇಲ್ಲದಿದ್ದರೆ ಕ್ಯಾಪ್ಟನ್‌ನನ್ನು ನೇಮಿಸಿರುತ್ತಾರೆ. ತಡೆಯ ಅವಧಿಯ ಖರ್ಚೆಲ್ಲ ಹಡಗಿನವರದೇ.

ದಂಡದ ಲೆಕ್ಕ

ಇಟಲಿಯ 1981ರ 689ನೇ ಕಾನೂನಿನಂತೆ, 60 ದಿನದೊಳಗೆ ಕಟ್ಟಿದರೆ ಗರಿಷ್ಠ ದಂಡದ ಮೂರನೇ ಒಂದು ಭಾಗ ಅಥವಾ ಕನಿಷ್ಠದ ಎರಡರಷ್ಟು, ಯಾವುದು ಕಡಿಮೆಯೋ ಅಷ್ಟು ಸಾಕು. 10,000ದ ಮೂರನೇ ಒಂದು ಎಂದರೆ 3,333 ಯೂರೊ, 2,000ದ ಎರಡರಷ್ಟು 4,000. ಆದ್ದರಿಂದ 3,333. ದಾನದ ಹಣದಲ್ಲಿ ನಡೆಯುವ ಸಂಸ್ಥೆಗೆ ಕಟ್ಟಿ ಮುಗಿಸೋಣ ಎನ್ನಿಸುತ್ತದೆ. ಕಟ್ಟಿದರೆ ದಂಡದ ವಾದ ಅಲ್ಲಿಗೇ ಮುಗಿಯಿತು. ನಾವು ಕಟ್ಟಲಿಲ್ಲ.

ತಕರಾರಿನ ದಾರಿಗಳು ಮೂರು, ಗಡುವು ಬೇರೆಬೇರೆ. ದಂಡದ ಬಗ್ಗೆ ಪ್ರಿಫೆಕ್ಟ್‌ಗೆ (ನಮ್ಮ ಜಿಲ್ಲಾಧಿಕಾರಿಯಂಥವರು) 30 ದಿನದೊಳಗೆ ಲಿಖಿತ ಸಮಜಾಯಿಷಿ ಕೊಟ್ಟು, ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಕೇಳಬಹುದು. ಅವರು ದಂಡದ ಆದೇಶ ಹೊರಡಿಸಿದರೆ, ಅದು ತಲುಪಿದ 30 ದಿನದೊಳಗೆ ಸಿವಿಲ್ ನ್ಯಾಯಾಲಯ. ಹಡಗಿನ ತಡೆಯ ಬಗ್ಗೆ ನಿಗದಿತ ಗಡುವಿನೊಳಗೆ ಪ್ರಿಫೆಕ್ಟ್‌ಗೆ ಮೇಲ್ಮನವಿ. ಅವರಿಗೆ ನಿರ್ಧಾರಕ್ಕೆ 20 ದಿನ. ತಡೆಯೂ 20 ದಿನ, ನಿರ್ಧಾರವೂ 20 ದಿನ ಎಂದರೆ ನ್ಯಾಯ ಸಿಗುವ ಹೊತ್ತಿಗೆ ಶಿಕ್ಷೆ ಅನುಭವಿಸಿ ಆಗಿರುತ್ತದೆ. ಹಾಗಾಗಿ ಆರೋಪಪತ್ರ ಕೈಗೆ ಬಂದ ದಿನವೇ ತುರ್ತು ತಡೆಯಾಜ್ಞೆಗೆ ಸಿವಿಲ್ ನ್ಯಾಯಾಲಯದ ಬಾಗಿಲು ತಟ್ಟಬೇಕು. ಸಿಗುತ್ತದೆ ಎಂದು ಭರವಸೆ ಇಲ್ಲ, ಆದರೆ ಸಿಕ್ಕಿದೆ: 2024ರ ಫೆಬ್ರವರಿಯಲ್ಲಿ ‘ಓಷನ್ ವೈಕಿಂಗ್’ ಹಡಗಿನ ತಡೆಯನ್ನು ಬ್ರಿಂಡಿಸಿ ನ್ಯಾಯಾಲಯ, ಮಾರ್ಚ್‌ನಲ್ಲಿ ‘ಹ್ಯುಮಾನಿಟಿ 1’ರ ತಡೆಯನ್ನು ಕ್ರೊತೋನೆ ನ್ಯಾಯಾಲಯ ಅಮಾನತು ಮಾಡಿದವು. ಕ್ರೊತೋನೆ ಜೂನ್‌ನಲ್ಲಿ ಆ ತಡೆ ಕಾನೂನುಬಾಹಿರ ಎಂದೇ ತೀರ್ಪಿತ್ತಿತು.

ವಾದಕ್ಕೆ ಈಗ ಇನ್ನೊಂದು ಗಟ್ಟಿ ಆಧಾರ ಇದೆ. ಇಟಲಿಯ ಸಾಂವಿಧಾನಿಕ ನ್ಯಾಯಾಲಯ 2025ರ ಜುಲೈನಲ್ಲಿ ಕೊಟ್ಟ 101ನೇ ತೀರ್ಪು ಕಾನೂನನ್ನು ರದ್ದು ಮಾಡಲಿಲ್ಲ. ಆದರೆ ಕಡಲಿನಲ್ಲಿ ಜೀವ ಉಳಿಸುವ ಹೊಣೆಗೆ ವಿರುದ್ಧವಾದ ಆದೇಶ ಕಟ್ಟುವುದಿಲ್ಲ, ಅದನ್ನು ಪಾಲಿಸದ್ದಕ್ಕೆ ಶಿಕ್ಷಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಕಾನೂನು ಬಿದ್ದುಹೋಗಲಿಲ್ಲ ಎಂದು ಬೇಸರಪಟ್ಟವರು ಬಹಳ ಜನ. ದಕ್ಕೆಯಲ್ಲಿ ಕಟ್ಟಿಹಾಕಿದ ಹಡಗಿನಿಂದ ನೋಡಿದರೆ, ಈ ಒಂದು ವಿವರಣೆ ಕೈಗೆ ಸಿಕ್ಕ ಆಯುಧ ಎಂದೇ ನನ್ನ ಭಾವನೆ. ಅದರ ಪ್ರಕಾರ ನಾವು ಸಾಬೀತು ಮಾಡಬೇಕಾದ್ದು ಎರಡನೇ ದೋಣಿ ನಿಜವಾಗಿ ಅಪಾಯದಲ್ಲಿತ್ತು, ಬೇರೆ ಯಾರೂ ಹೋಗುತ್ತಿರಲಿಲ್ಲ ಎಂಬ ಎರಡೇ ಸಂಗತಿ. ಫೋಟೊ, ಇಮೇಲ್, ಯುಟಿಸಿ ಹೊತ್ತು ಎಂದು ಮೇಲೆ ಇಷ್ಟು ಒತ್ತಿ ಹೇಳಿದ್ದು ಈ ಕಾರಣಕ್ಕೆ.

ಕಟ್ಟಿದ ಹಡಗಿನಲ್ಲಿ

ದಂಡ ಖರ್ಚಿನಲ್ಲಿ ಚಿಕ್ಕದು. ದಕ್ಕೆ ಬಾಡಿಗೆ, ಏಜೆಂಟ್ ಶುಲ್ಕ, ಪೈಲಟ್ ಮತ್ತು ಹಗ್ಗ ಹಿಡಿಯುವವರು, ಕಸ ಮತ್ತು ಕೊಳಚೆ ಟ್ಯಾಂಕರು, ಸಿಹಿನೀರು, ಗ್ಯಾಂಗ್‌ವೇ ಕಾವಲು, ವಕೀಲರು, ಪ್ರಮಾಣಿತ ಭಾಷಾಂತರ, ಬದಲಿ ಸಿಬ್ಬಂದಿಯ ವಿಮಾನ ಟಿಕೆಟ್. ಜನರೇಟರ್ ಹಗಲೂ ರಾತ್ರಿ ನಡೆಯಬೇಕು. ದಡದ ವಿದ್ಯುತ್ ಸಿಗುತ್ತದೆಯೇ ಎಂದು ಮೊದಲ ದಿನವೇ ಏಜೆಂಟ್ ಮೂಲಕ ಕೇಳಿ. ಬಿಲ್ಲುಗಳನ್ನೆಲ್ಲ ದಿನಾಂಕವಾರು ಇಡಿ, ಮುಂದೆ ನಷ್ಟ ಪರಿಹಾರ ಕೇಳುವ ಸಂದರ್ಭ ಬಂದರೆ ಬೇಕಾಗುತ್ತದೆ.

ಅತ್ಯಂತ ಕಷ್ಟದ್ದು ಇಮೇಲ್. ಹಡಗು ಕಟ್ಟಿಹಾಕಿದ್ದರೂ ಅಪಾಯದ ಸಂದೇಶಗಳು ನಿಲ್ಲುವುದಿಲ್ಲ. ಇಂಥ ಸ್ಥಾನ, ಇಷ್ಟು ಜನ, ಇಂಜಿನ್ ನಿಂತಿದೆ, ಮಕ್ಕಳಿದ್ದಾರೆ. ಕೆಳಗೆ ರಕ್ಷಣಾ ದೋಣಿಗಳು ಇಂಧನ ತುಂಬಿ ಸಿದ್ಧ ಇವೆ, ಮೇಲೆ ಕ್ರೇನ್ ಸರಿಯಿದೆ, ಕೆಲಸ ಬಲ್ಲ ಜನ ಕೂತಿದ್ದಾರೆ. ಸಂಪರ್ಕ ಕಡಿದುಹೋದ ದೋಣಿಯ ಬಗ್ಗೆ ಮರುದಿನ ಸುದ್ದಿ ಬಾರದಿದ್ದಾಗ ಊಟದ ಮೇಜಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ತಡೆಯ ಅವಧಿಯಲ್ಲಿ ಆ ಇನ್‌ಬಾಕ್ಸ್ ನೋಡುವ ಕೆಲಸವನ್ನು ದಡದ ಕಚೇರಿಗೆ ವರ್ಗಾಯಿಸಿ, ಸಿಬ್ಬಂದಿಗೆ ಮಾನಸಿಕ ಆರೋಗ್ಯದ ಸಲಹೆಗಾರರ ಜೊತೆ ಮಾತಾಡುವ ಏರ್ಪಾಡು ಮಾಡಿ. ಇದು ಐಷಾರಾಮಿ ಅಲ್ಲ, ಲೈಫ್‌ರಾಫ್ಟ್ ಸರ್ವಿಸಿನಷ್ಟೇ ಅಗತ್ಯ.

ಬಂದರು ರಾಜ್ಯ ನಿಯಂತ್ರಣದ ಪರಿಶೀಲನೆ (ಬಂದರಿರುವ ದೇಶ ವಿದೇಶಿ ಹಡಗಿನ ಸುರಕ್ಷತೆಯನ್ನು ನೋಡುವುದು) ಈ ತಡೆಗಿಂತ ಬೇರೆಯೇ ಪ್ರಕ್ರಿಯೆ. 20 ದಿನ ಮುಗಿಯುವ ಹೊತ್ತಿಗೆ ಪರಿಶೀಲಕರು ಬಂದು ದೋಷ ಕಂಡರೆ ಅವರದೇ ಹೊಸ ತಡೆ ಹಾಕಬಹುದು. ಇದರ ಮಿತಿಗಳನ್ನು ‘ಸೀ-ವಾಚ್’ ಹಡಗುಗಳ ಪ್ರಕರಣದಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ 2022ರ ಆಗಸ್ಟ್ 1ರಂದು ಗುರುತಿಸಿದೆ: ಸೇವಾಸಂಸ್ಥೆಯ ಹಡಗನ್ನೂ ಪರಿಶೀಲಿಸಬಹುದು, ಆದರೆ ತಡೆಯಲು ಜನರಿಗೋ ಆಸ್ತಿಗೋ ಪರಿಸರಕ್ಕೋ ಸ್ಪಷ್ಟ ಅಪಾಯ ಇರಬೇಕು, ಧ್ವಜ ರಾಷ್ಟ್ರ ಕೊಟ್ಟ ಪ್ರಮಾಣಪತ್ರಗಳ ಹೊರತಾಗಿ ಬೇರೆ ಪ್ರಮಾಣಪತ್ರ ತನ್ನಿ ಎನ್ನುವಂತಿಲ್ಲ. ರಕ್ಷಿಸಿ ತಂದವರ ಸಂಖ್ಯೆ ಪತ್ರದಲ್ಲಿ ಬರೆದ ಸಂಖ್ಯೆಗಿಂತ ಹೆಚ್ಚು ಎಂಬ ಆಕ್ಷೇಪಕ್ಕೆ ಸೋಲಾಸ್‌ನ ನಾಲ್ಕನೇ ವಿಧಿ ಉತ್ತರ ಕೊಡುತ್ತದೆ. ಅಪಾಯದಿಂದ ಎತ್ತಿಕೊಂಡವರನ್ನು ಆ ಎಣಿಕೆಗೆ ಸೇರಿಸುವಂತಿಲ್ಲ. ಈ ತೀರ್ಪು ಮತ್ತು ಈ ವಿಧಿಯ ಮುದ್ರಿತ ಪ್ರತಿ ಬ್ರಿಜ್‌ನಲ್ಲಿ ಇಟ್ಟಿದ್ದೆವು. ಪರಿಶೀಲಕರು ಸೌಜನ್ಯದಿಂದ ಓದಿದರು. ಎರಡು ಅಗ್ನಿಶಾಮಕ ಹೋಸ್ ಮತ್ತು ಒಂದು ತುರ್ತು ದೀಪದ ಬ್ಯಾಟರಿ ಬದಲಿಸಲು ಹೇಳಿ ಹೋದರು. ಬದಲಿಸಿ ಅದೇ ಸಂಜೆ ಫೋಟೊ ಕಳಿಸಿದೆವು.

ಬಿಡುಗಡೆಯ ದಿನ ತಾನಾಗಿ ಏನೂ ಆಗುವುದಿಲ್ಲ. ತಡೆ ಮುಗಿದ ಲಿಖಿತ ಪತ್ರವನ್ನು ಏಜೆಂಟ್ ಮೂಲಕ ಕೇಳಿ ಪಡೆಯಬೇಕು, ಅದಿಲ್ಲದೆ ನಿರ್ಗಮನದ ಅನುಮತಿ ಸಿಗುವುದಿಲ್ಲ. ಕಚೇರಿಗಳು ವಾರಾಂತ್ಯ ಮುಚ್ಚಿರುತ್ತವೆ. 20ನೇ ದಿನ ಶನಿವಾರ ಬೀಳುವುದಾದರೆ ಗುರುವಾರವೇ ಅರ್ಜಿ ಕೊಡಿ. ಪೈಲಟ್ ಮತ್ತು ಇಂಧನದ ಬಾರ್ಜನ್ನು ಮುಂಗಡವಾಗಿ ಕಾಯ್ದಿರಿಸಿ.

ಹೊರಡುವ ಮುನ್ನ ಎಲ್ಲ ದಾಖಲೆಯ ಎರಡು ಹಾರ್ಡ್‌ಡಿಸ್ಕ್ ಮಾಡಿ ಒಂದನ್ನು ವಕೀಲರ ಬಳಿ ಬಿಟ್ಟೆವು. ಆ ಪಾಳಿಯ ಸಿಬ್ಬಂದಿಯೆಲ್ಲರ ಮನೆ ವಿಳಾಸ, ಇಮೇಲ್, ಸಾಕ್ಷಿ ಹೇಳಲು ಒಪ್ಪಿಗೆಯ ಸಹಿಯನ್ನೂ ಪಡೆದೆವು. ವಿಚಾರಣೆ ಯಾವಾಗ ಬರುತ್ತದೋ, ಅಷ್ಟರಲ್ಲಿ ಒಬ್ಬರು ಚಿಲಿಯಲ್ಲಿರುತ್ತಾರೆ, ಇನ್ನೊಬ್ಬರು ಕುಂದಾಪುರದಲ್ಲಿ. ಹಡಗು ಬಿಡುವ ಮುಂಚೆ ಈ ಹಾಳೆಗೆ ಸಹಿ ಹಾಕಿಸಿಕೊಳ್ಳುವ ಕೆಲಸವನ್ನು ಸೈನ್-ಆಫ್ ಪಟ್ಟಿಗೇ ಸೇರಿಸಿದ್ದೇವೆ.